ಟ್ಯಾಂಕಿನಿಂದ ಚಿಮಣಿಯ ತನಕ

ಬಿಳಿ ಪರದೆಗೆ ಇಸ್ತ್ರಿ ಅರ್ಧ ಮುಗಿದಿತ್ತು. ಎಡಗಡೆ ಹಾಲಿನ ಕೆನೆಯಂತೆ ನುಣ್ಣಗಾಗಿತ್ತು. ಬಲಗಡೆ ಇನ್ನೂ ನಿದ್ದೆಯಿಂದೆದ್ದ ಮುಖದ ಹಾಗೆ ಗೆರೆಗೆರೆ. ಇಸ್ತ್ರಿಪೆಟ್ಟಿಗೆ ಹಿಡಿದು ಬಗ್ಗಿ ನಿಂತಿದ್ದ ಎಂಟುಕಾಪಿ, ಬಾಗಿಲಲ್ಲಿ ಸ್ಕೂಟರ್ ನಿಂತ ಸದ್ದಿಗೆ ತಲೆಯೆತ್ತಿದ.

ಬಂದವನು ಮದುವೆ ಫೋಟೋ ತೆಗೆಯುವವನು. ಸ್ಕೂಟರಿನಿಂದ ಇಳಿಯದೆಯೇ ಒಂದು ಉಣ್ಣೆಯ ಕಾಲುಚೀಲವನ್ನು ಮುಂದಕ್ಕೆ ಚಾಚಿದ. ಅದರೊಳಗೆ ಏನೋ ದುಂಡಗೆ ತೂಗುತ್ತಿತ್ತು.

"ತಗೊಳ್ಳಿ, ನೀವು ಕೇಳಿದ್ದ ಅಗಲದ ಲೆನ್ಸು. ಇವತ್ತೊಂದು ದಿನ ಅಷ್ಟೆ. ಸಂಜೆ ಏಳಕ್ಕೆ ನನ್ನ ಕೈಲಿರಬೇಕು."

"ಕಾಲುಚೀಲದಲ್ಲಿ ತಂದಿದ್ದೀಯಲ್ಲೋ!"

"ಒಗೆದದ್ದೇ ರೀ," ಎಂದು ಅವನು ಹೊರಟೇಹೋದ.

ಎಂಟುಕಾಪಿ ಎನ್ನುವುದು ಬೀದಿಯವರು ಇಟ್ಟ ಹೆಸರು. ಅವನದು ಪಾಸ್‌ಪೋರ್ಟ್ ಫೋಟೋದ ಅಂಗಡಿ. ಯಾರು ಬಂದರೂ, ಎಷ್ಟು ಬೇಕೆಂದು ಅವರು ಬಾಯಿ ತೆರೆಯುವ ಮೊದಲೇ "ಎಂಟು ಕಾಪಿ, ಅರ್ಧ ಗಂಟೆ" ಎಂದುಬಿಡುತ್ತಿದ್ದ. ಮೂವತ್ತೆರಡು ವರ್ಷಗಳಿಂದ ನಾಲ್ಕಡಿ ದೂರದಲ್ಲಿ ಕೂತ ಮುಖವೊಂದನ್ನು ಬಿಟ್ಟು ಬೇರೇನನ್ನೂ ತೆಗೆದವನಲ್ಲ. ಒಬ್ಬರಿಗೆ ಒಂದೇ ಕ್ಲಿಕ್. ಎರಡನೆಯದು ಒತ್ತಿದರೆ ಕಸುಬಿಗೇ ಅವಮಾನ ಎಂದು ಅವನ ಭಾವನೆ. ಒತ್ತುವ ಮುಂಚೆ ಹೇಳುವ ಮಾತೂ ಒಂದೇ: "ಗದ್ದ ಮೇಲೆ. ಕಣ್ಣು ಬಿಡಿ. ಇಲ್ಲಿ ನೋಡಿ." ಆ ಬೀದಿಯಲ್ಲಿ ಈ ಮಾತಿಗೆ ಗದ್ದ ಎತ್ತದವರು ಯಾರೂ ಇರಲಿಲ್ಲ.

ಅವನು ಪೆಟ್ಟಿಗೆಯನ್ನು ಪರದೆಯ ಮೇಲೆಯೇ ಇಟ್ಟು, ಲೆನ್ಸನ್ನು ಕ್ಯಾಮೆರಾಕ್ಕೆ ಸಿಕ್ಕಿಸಿ ಕಣ್ಣಿಗೆ ಹಿಡಿದ. ಅಬ್ಬಾ! ಅವನ ಪುಟ್ಟ ಅಂಗಡಿ ಛತ್ರದಷ್ಟು ದೊಡ್ಡದಾಗಿತ್ತು. ಎಡಗೋಡೆ ಬಲಗೋಡೆ ಎರಡೂ ಒಂದೇ ಸಲ ಒಳಗೆ. ಮೇಲೆ ಫ್ಯಾನು, ಕೆಳಗೆ ಅವನದೇ ಚಪ್ಪಲಿಯ ತುದಿ. ಬಾಗಿಲ ಬಳಿ ನಿಂತು ಏನೋ ಕೂಗುತ್ತಿದ್ದ ಹೆಂಡತಿಯೂ ಒಂದು ಮೂಲೆಯಲ್ಲಿ ಬಂದಿದ್ದಳು. ಬಾಯಿ ಒಂದು ಕಡೆಗೆ ಎಳೆದುಕೊಂಡು ಬಹಳ ಅಗಲವಾಗಿ ಕಾಣುತ್ತಿತ್ತು.

"ರೀ! ಸೀದ ವಾಸನೆ ಬರ್ತಿದೆ ರೀ!"

ಪೆಟ್ಟಿಗೆ ಎತ್ತಿದಾಗ ಪರದೆಯ ನಟ್ಟನಡುವೆ ಅಂಗೈಯಗಲದ ಕಂದು ಕಲೆ ಕೂತಿತ್ತು. ಇನ್ನೊಂದು ಪರದೆ ನೀಲಿಯದು. ಆಫೀಸುಗಳವರಿಗೆ ಬಿಳಿಯೇ ಆಗಬೇಕು. ಎಂಟುಕಾಪಿ ಒಂದು ಗಳಿಗೆ ಯೋಚಿಸಿ ಹಿಂದಿನ ಕೋಣೆಗೆ ಹೋದ.

ಹಿಂದಿನ ಕೋಣೆಯಲ್ಲಿದ್ದವನು ಅವನ ಭಾಮೈದ, ಹೆಂಡತಿಯ ತಮ್ಮ. ಹಿಂದೆ ಫಿಲಮ್ಮು ತೊಳೆಯುತ್ತಿದ್ದ ಕತ್ತಲೆ ಕೋಣೆ ಅದು, ಕಿಟಕಿಯಿಲ್ಲ. ಅಲ್ಲಿ ಕಂಪ್ಯೂಟರಿನ ಮುಂದೆ ಕೂತು ಹದಿನೆಂಟು ವರ್ಷಗಳಿಂದ ಅವನು ಊರವರ ಮೊಡವೆ ತೆಗೆಯುತ್ತಿದ್ದ, ಹಳದಿ ಮುಖಗಳನ್ನು ತಿಳಿಮಾಡುತ್ತಿದ್ದ. ಬಹಳ ಒಳ್ಳೆಯವನು. ಒಂದೇ ದೋಷವೆಂದರೆ, ಪ್ರತಿಯೊಂದನ್ನೂ ಕೇಳಿ ಕೇಳಿ ಮಾಡುತ್ತಿದ್ದ.

"ನೋಡು, ಇವತ್ತು ಬರೋ ಪ್ರತಿ ಫೋಟೋದಲ್ಲೂ ಹಿಂದೆ ಒಂದು ಕಲೆ ಇರುತ್ತೆ. ಅಳಿಸು. ಹಿನ್ನೆಲೆ ಪೂರ್ತಿ ಬಿಳಿ ಮಾಡು."

"ಯಾವ ಥರದ ಕಲೆ ಭಾವ?"

"ಕಂದು, ಕೆಂಪು, ಅದೇನೋ ಒಂದು. ನಡುವೆ ಇರುತ್ತೆ."

"ಎಲ್ಲಾ ಫೋಟೋದಲ್ಲೂ?"

"ಎಲ್ಲಾದ್ರಲ್ಲೂ ಕಣೋ! ಕೇಳ್ಬೇಡ, ಮಾಡು. ನನಗೆ ಇವತ್ತು ನಿನ್ನ ಪ್ರಶ್ನೆಗೆ ಪುರುಸೊತ್ತಿಲ್ಲ."

ಪುರುಸೊತ್ತಿಲ್ಲದೆ ಇದ್ದದ್ದು ನಿಜ. ಆ ದಿನದ ಸಂಜೆಯನ್ನು ಅವನು ಹಿಡಿಯಲೇಬೇಕಿತ್ತು.

ಎಂಟುಕಾಪಿಗೆ ಒಬ್ಬಳೇ ಅಕ್ಕ. ತಾಯಿ ಹೋದ ಮೇಲೆ ಅವನನ್ನು ಎತ್ತಿ ಆಡಿಸಿ, ಬೈದು, ಉಗುರು ಕತ್ತರಿಸಿ ದೊಡ್ಡವನನ್ನಾಗಿ ಮಾಡಿದವಳು ಅವಳೇ. ಈಗ ದೂರದ ಊರಿನಲ್ಲಿ ಮಗಳ ಜೊತೆಗಿದ್ದಳು. ಕಿವಿ ಮಂದವಾದ್ದರಿಂದ ಫೋನಿನಲ್ಲಿ ಏನು ಹೇಳಿದರೂ "ಊಟ ಆಯ್ತಾ" ಎಂದು ಕೇಳುತ್ತಿದ್ದಳು. ಕಾಗದ ಮಾತ್ರ ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದಳು. ಹೋದ ವರ್ಷ ಒಂದು ಕಾಗದ ಬಂದಿತ್ತು: 'ನನ್ನನ್ನು ಕೆಳಗಿನ ಕೋಣೆಗೆ ಹಾಕಿದ್ದಾರೆ, ಮೆಟ್ಟಿಲು ಆಗುವುದಿಲ್ಲವೆಂದು. ಕಿಟಕಿ ತೆರೆದರೆ ಪಕ್ಕದವರ ಗೋಡೆ. ನಾನು ತಲೆ ಒಣಗಿಸುತ್ತ ಕೂರುತ್ತಿದ್ದ ನಮ್ಮ ತಾರಸಿಯ ಸಂಜೆಯದೊಂದು ಫೋಟೋ ಕಳಿಸು. ಬರೀ ಸೂರ್ಯ ಬೇಡ, ಅದು ಕ್ಯಾಲೆಂಡರಿನಲ್ಲೂ ಇದೆ. ನೀರಿನ ಟ್ಯಾಂಕಿನಿಂದ ಬ್ರೆಡ್ ಕಾರ್ಖಾನೆಯ ಚಿಮಣಿಯ ತನಕ ಪೂರ್ತಿ ಬೇಕು.'

ಅವನ ಲೆನ್ಸು ಮುಖದ ಲೆನ್ಸು. ಟ್ಯಾಂಕು ಬಂದರೆ ಚಿಮಣಿ ಇಲ್ಲ, ಚಿಮಣಿ ಬಂದರೆ ಟ್ಯಾಂಕು ಇಲ್ಲ. ಫೋಟೋ ಸಿಕ್ಕ ಮೇಲೆ ಒಟ್ಟಿಗೇ ಉತ್ತರ ಬರೆದರಾಯಿತು ಎಂದು ಇವತ್ತು ನಾಳೆ ಎನ್ನುತ್ತ ವರ್ಷ ಕಳೆಯಿತು. ನಡುವೆ ಎರಡನೆಯ ಕಾಗದ ಬಂತು. ಹೋದ ತಿಂಗಳು ಮೂರನೆಯದು. ಅದರಲ್ಲಿ ಒಂದೇ ಸಾಲು: 'ಏನೋ, ಅಲ್ಲಿ ಸೂರ್ಯ ಇನ್ನೂ ಮುಳುಗಲಿಲ್ಲವೇನೋ?'

ಇದರ ಮೇಲೆ ಎದುರಿನ ಹಲ್ಲಿನ ಡಾಕ್ಟರು ತಮ್ಮ ಕಟ್ಟಡಕ್ಕೆ ಇನ್ನೆರಡು ಮಹಡಿ ಏರಿಸುವವರಿದ್ದರು. ನಾಳೆ ಬೆಳಿಗ್ಗೆ ಹಸಿರು ಬಲೆ ಕಟ್ಟುತ್ತಾರೆ. ಆಮೇಲೆ ಆ ತಾರಸಿಗೆ ಪಡುವಣ ಎನ್ನುವುದೇ ಇರುವುದಿಲ್ಲ.

ತಾರಸಿಯ ಬೀಗದ ಕೈ ಇದ್ದದ್ದು ಮೇಲಿನ ಮನೆಯ ಓನರಮ್ಮನ ಬಳಿ. ಎಂಟುಕಾಪಿ ಹನ್ನೊಂದು ಗಂಟೆಗೆ ಹೋಗಿ ಬಾಗಿಲು ತಟ್ಟಿದ.

"ಓನರಮ್ಮಾ, ತಾರಸಿ ಕೀಲಿ ಕೊಡಿ. ಸಂಜೆ ಒಂದು ಫೋಟೋ ತೆಗೀಬೇಕು."

"ಯಾರದ್ದು?"

"ಸೂರ್ಯಂದು."

"ಅವನಿಗ್ಯಾಕಪ್ಪಾ ಪಾಸ್‌ಪೋರ್ಟು?"

ಎಂಟುಕಾಪಿ ಅಕ್ಕನ ವಿಷಯ ಹೇಳಿದ. ಓನರಮ್ಮ ಕರಗಿದಳು, ಕೀಲಿಯನ್ನು ಮೊಳೆಯಿಂದ ತೆಗೆದೂ ತೆಗೆದಳು. ಕೊಡುವ ಮುಂಚೆ ಮಾತಿಗೆಂಬಂತೆ ಕೇಳಿದಳು: "ಬರೀ ಆಕಾಶ ತಾನೇ ಬರೋದು?"

ಸುಮ್ಮನೆ ಹೂಂ ಎಂದಿದ್ದರೆ ಆ ದಿನ ಬೇರೆಯದೇ ದಿನವಾಗುತ್ತಿತ್ತು. ಅವನು ಹೊಸ ಲೆನ್ಸಿನ ಸಂಭ್ರಮದಲ್ಲಿದ್ದ.

"ಅಯ್ಯೋ, ಎಲ್ಲಾ ಬರುತ್ತೆ ಓನರಮ್ಮಾ! ಅಗಲದ ಲೆನ್ಸು. ಆ ಗೋಡೆಯಿಂದ ಈ ಗೋಡೆ ತನಕ ಒಂದು ಕಡ್ಡಿ ಬಿಡಲ್ಲ."

ಕೀಲಿ ಮತ್ತೆ ಮೊಳೆಗೆ ಹೋಯಿತು.

"ಹಾಗಾದ್ರೆ ನನ್ನ ಹರಕಲು ಹಾಸಿಗೆ? ಕಾಲು ಮುರಿದ ಬೀರು? ನಿಮ್ಮಕ್ಕ ಇಲ್ಲಿದ್ದಾಗಲೇ ನನ್ನ ತಾರಸಿ ಕಂಡ್ರೆ ಮೂಗು ಮುರೀತಿದ್ಲು. ಈಗ ಅದನ್ನ ಗೋಡೆಗೆ ಅಂಟಿಸ್ಕೊಂಡು ದಿನಾ ನೋಡ್ಲಿ ಅಂತಾನಾ? ಎಲ್ಲಾ ಕೆಳಗಿಳಿಸಿ. ಆಮೇಲೆ ನಿಮ್ಮ ಸೂರ್ಯ."

ಇಳಿಸುವವರು ಯಾರು ಎಂದು ಅವನು ಕೇಳಲಿಲ್ಲ. ಅವಳು ಅವನ ಭುಜವನ್ನು ನೋಡುತ್ತಿದ್ದ ರೀತಿಯಲ್ಲೇ ಉತ್ತರವಿತ್ತು.

ಹಾಸಿಗೆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು. ಅವನು ಕೆಳಗೆ, ಹಾಸಿಗೆ ಮೇಲೆ, ಅದರ ಮೇಲೆ ಓನರಮ್ಮನ ಧ್ವನಿ: "ಎಡಕ್ಕೆ! ನನ್ನ ಎಡಕ್ಕಲ್ಲ, ಹಾಸಿಗೆ ಎಡಕ್ಕೆ!" ಅಂಗಡಿಯಲ್ಲಿ ಗಿರಾಕಿಗಳು ಕಾಯುತ್ತಿದ್ದರು. ಹೆಂಡತಿ ಕೆಳಗಿನಿಂದ ಕೂಗಿದಳು: "ರೀ, ಒಬ್ರು ಲೈಸೆನ್ಸ್ ಫೋಟೋಗೆ ಬಂದಿದ್ದಾರೆ!" ಹಾಸಿಗೆಯೊಳಗಿಂದ ಉತ್ತರ ಬಂತು: "ಕೂರಿಸು, ಎಂಟು ಕಾಪಿ, ಅರ್ಧ ಗಂಟೆ!"

ನಡುನಡುವೆ ಓಡಿಬಂದು ಮುಖ ತೆಗೆಯುತ್ತಿದ್ದ. ತಲೆಗೂದಲಲ್ಲಿ ಹತ್ತಿ, ಅಂಗಿಯ ಮೇಲೆ ಜೇಡರಬಲೆ. ಗಿರಾಕಿಗಳು ಅವನನ್ನು ಕಂಡು ನಗುವುದು, ಅವನು "ನಗಬಾರದು, ಆಫೀಸಿನವರು ಒಪ್ಪಲ್ಲ" ಎನ್ನುವುದು. ಮೂರು ಗಂಟೆಯ ಹೊತ್ತಿಗೆ ಬೀರೂ ಇಳಿಯಿತು. ಹಳೆಯ ಡಬ್ಬ, ಒಡೆದ ಕುಂಡ, ಯಾರದೋ ಒಂಟಿ ಬೂಟು ಎಲ್ಲವೂ ಇಳಿದು ಅವನ ಅಂಗಡಿಯ ಮುಂದೆ ಸಾಲಾಗಿ ಕೂತವು.

ಅದನ್ನು ನೋಡಿ ಪಕ್ಕದ ಟೈಲರು ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡೇ ಬಂದ. "ಮನೆ ಖಾಲಿ ಮಾಡ್ತಿದ್ದೀರಾ ಮಾರಾಯ್ರೇ? ಒಂದು ಮಾತು ಹೇಳೋದಲ್ವಾ?"

ವಿಷಯ ತಿಳಿದ ಮೇಲೆ ಟೈಲರಿನ ಮುಖ ಗಂಭೀರವಾಯಿತು. "ಎಲ್ಲಾ ಬರುತ್ತೆ ಅಂದ್ರೆ ನನ್ನ ಹಿಂದಿನ ಗೋಡೆನೂ?"

"ಬಂದ್ರೇನು ಬಿಡಪ್ಪಾ, ಗೋಡೆ ತಾನೆ."

"ಬಣ್ಣ ಕಿತ್ತು ಹೋಗಿದೆ ರೀ! ನಿಮ್ಮಕ್ಕನ ಮದುವೆಗೆ ರವಿಕೆ ಹೊಲಿದದ್ದು ನಮ್ಮಪ್ಪ. ಅಂಗಡಿ ಈ ಗತಿಗೆ ಬಂತಾ ಅಂದ್ಕೊಳ್ಳಲ್ವಾ ಅವರು?"

ಇನ್ನರ್ಧ ಗಂಟೆಗೆ ಟೈಲರಿನ ಮಾಡಿನಿಂದ ನೇರಳೆ ಬಣ್ಣದ ಬಟ್ಟೆಯ ಥಾನೊಂದು ಇಡೀ ಗೋಡೆಯ ಉದ್ದಕ್ಕೂ ಇಳಿಬಿತ್ತು. ಬದನೆಕಾಯಿಗೆ ದೀಪ ಹಚ್ಚಿದ ಹಾಗೆ ಹೊಳೆಯುತ್ತಿತ್ತು.

"ತೆಗಿ ಮಾರಾಯಾ! ಸೂರ್ಯಾಸ್ತದ ಪಕ್ಕ ಇದೇನಿದು?"

"ಮ್ಯಾಚಿಂಗು ರೀ."

ಬೇಡಿಕೊಂಡದ್ದಾಯಿತು, ಗದರಿದ್ದಾಯಿತು. ಕೊನೆಗೆ ಎಂಟುಕಾಪಿ ಹೇಳಿದ: "ನಿನ್ನಿಷ್ಟ. ಆದ್ರೆ ಈ ಲೆನ್ಸಲ್ಲಿ ಅಂಚಿಗೆ ಬಂದದ್ದೆಲ್ಲ ಎಳ್ಕೊಂಡು ಕಾಣುತ್ತೆ. ಹೊಲಿಗೆ ಸೊಟ್ಟ ಅನ್ನಿಸುತ್ತೆ."

"ಸೊಟ್ಟನಾ?" ಟೈಲರು ಎದೆ ಮುಟ್ಟಿಕೊಂಡ. ಥಾನು ಹತ್ತು ನಿಮಿಷದಲ್ಲಿ ಮಡಿಚಿ ಒಳಗೆ ಹೋಯಿತು.

ಐದೂವರೆಗೆ ಎಲ್ಲ ಸರಿಹೋಯಿತು ಎನ್ನುವಾಗ, ಮೂಲೆಮನೆಯ ನಿವೃತ್ತ ಸ್ಟೇಷನ್ ಮಾಸ್ತರು ಕೈಯಲ್ಲಿ ಗಡಿಯಾರ ಹಿಡಿದು ಹತ್ತಿಬಂದರು. ಅವರನ್ನು ಯಾರೂ ಕರೆದಿರಲಿಲ್ಲ. ಆದರೆ ಹೊತ್ತಿಗೆ ಸರಿಯಾಗಿ ಏನಾದರೂ ನಡೆಯುತ್ತದೆ ಎಂದು ತಿಳಿದರೆ ಅವರಿಗೆ ಮನೆಯಲ್ಲಿ ಕೂರಲಾಗುತ್ತಿರಲಿಲ್ಲ.

"ಆರು ಇಪ್ಪತ್ತೊಂದಕ್ಕೆ ಅಸ್ತ," ಎಂದು ಘೋಷಿಸಿದರು. "ನನ್ನ ಸರ್ವೀಸಿನಲ್ಲಿ ಒಂದು ನಿಮಿಷ ತಡ ಮಾಡದೆ ಹೊರಟದ್ದು ಇದೊಂದೇ ಗಾಡಿ."

ಅವರ ಹಿಂದೆ ಓನರಮ್ಮ ಬಂದಳು, ತನ್ನ ತಾರಸಿಯ ಮೇಲೆ ಕಣ್ಣಿಡಲು. ಟೈಲರು ಬಂದ, ಗೋಡೆ ಹೇಗೆ ಕಾಣುತ್ತದೆಂದು ನೋಡಲು. ಹೆಂಡತಿ ಬಂದಳು, ಬೆಳಿಗ್ಗೆಯಿಂದ ಏನೂ ತಿನ್ನದ ಗಂಡನಿಗೆ ಎರಡು ಬಿಸ್ಕತ್ತು ತಂದು. ಫೋನು ಬಡಿದುಕೊಂಡರೆ ಜನ ಕಣ್ಣು ಮುಚ್ಚುತ್ತಾರೆಂದು ಎಂಟುಕಾಪಿ ಅಂಗಡಿಯ ಕಟ್ಟಳೆಯಂತೆ ಎಲ್ಲರ ಫೋನನ್ನೂ ಒಂದು ಬಕೆಟ್ಟಿಗೆ ಹಾಕಿಸಿ ಮೆಟ್ಟಿಲ ಕೆಳಗೆ ಇಡಿಸಿದ. ಸೂರ್ಯನಿಗೇಕೆ ಈ ಕಟ್ಟಳೆ ಎಂದು ಯಾರಿಗೂ ಹೊಳೆಯಲಿಲ್ಲ, ಅವನಿಗೂ.

ಕಣ್ಣಿಗೆ ಹಿಡಿದ. ಇಳಿಸಿದ, ಮತ್ತೆ ಹಿಡಿದ.

"ಸೂರ್ಯ ಎಲ್ಲಿ?"

"ಅಲ್ಲೇ ಇದ್ದಾನಲ್ರೀ, ತಟ್ಟೆಯಷ್ಟಗಲ," ಎಂದರು ಮಾಸ್ತರು.

ಬರಿಗಣ್ಣಿಗೆ ತಟ್ಟೆಯಷ್ಟಿದ್ದವನು ಲೆನ್ಸಿನಲ್ಲಿ ಅಂಗಿಯ ಗುಂಡಿಯಷ್ಟಾಗಿದ್ದ. ದೊಡ್ಡದಾಗಲೆಂದು ನಾಲ್ಕು ಹೆಜ್ಜೆ ಮುಂದೆ ಹೋದ. ಚಿಮಣಿ ಜಾರಿಹೋಯಿತು, ಸೂರ್ಯ ಗುಂಡಿಯಷ್ಟೇ ಉಳಿದ. ಹಿಂದೆ ಬಂದ, ಟ್ಯಾಂಕು, ಚಿಮಣಿ ಎರಡೂ ಬಂದವು, ಜೊತೆಗೆ ಟೈಲರೂ ಬಂದ.

"ಟೈಲರೇ, ಸ್ವಲ್ಪ ಸರಿ."

ಟೈಲರು ಸರಿದ. ಆದರೂ ಬಂದ. ಇನ್ನೂ ಸರಿದ. ಈಗ ಅವನ ಒಂದು ಕಿವಿ ಮಾತ್ರ ಬರುತ್ತಿತ್ತು, ಅದು ಮೊರದಷ್ಟು ಅಗಲವಿತ್ತು. ಓನರಮ್ಮ ಎದುರು ಗೋಡೆಗೆ ಒರಗಿ ನಿಂತರೆ ಅವಳೂ ಬಂದಳು. ಎಂಟುಕಾಪಿಯ ಹಿಂದೆ ನಿಲ್ಲೋಣವೆಂದರೆ ಅಲ್ಲಿ ಗೋಡೆಗೂ ಅವನ ಬೆನ್ನಿಗೂ ನಡುವೆ ಬೆಕ್ಕು ನುಸುಳುವಷ್ಟೇ ಜಾಗ. ಕೆಳಗಿಳಿಯಿರಿ ಎಂದರೆ ಯಾರೂ ಕೇಳುವ ಹಾಗಿರಲಿಲ್ಲ.

"ಎಂಥ ಲೆನ್ಸು ರೀ ಇದು, ಚಾಡಿಕೋರನ ಹಾಗೆ ಎಲ್ಲಾನೂ ನೋಡುತ್ತೆ," ಎಂದಳು ಓನರಮ್ಮ.

"ಆರು ಹದಿನೇಳು," ಎಂದರು ಮಾಸ್ತರು.

"ಒಂದು ಕೆಲಸ ಮಾಡಿ," ಎಂದು ಹೆಂಡತಿ ದಾರಿ ತೋರಿಸಿದಳು. "ಎಲ್ಲಾರೂ ಅಲ್ಲೇ ಮುಂದಿನ ಗೋಡೆ ಹತ್ರ ಕುಕ್ಕರುಗಾಲಲ್ಲಿ ಕೂತ್ಕೊಳ್ಳಿ. ಇವರು ಕ್ಯಾಮೆರಾ ಚೂರು ಮೇಲೆತ್ತಿದ್ರೆ ಯಾರೂ ಬರಲ್ಲ."

ಎಡಕ್ಕೆ ಇಬ್ಬರು, ಬಲಕ್ಕೆ ಇಬ್ಬರು ಕೂತರು. ಮೊಣಕಾಲುಗಳು ಹಳೆಯ ಬಾಗಿಲಿನಂತೆ ಕಿರುಗುಟ್ಟಿದವು. "ಬೇಗ ಒತ್ರಪ್ಪಾ, ಆಮೇಲೆ ನನ್ನನ್ನ ಎಬ್ಬಿಸೋಕೆ ಕ್ರೇನ್ ಬೇಕಾಗುತ್ತೆ," ಎಂದಳು ಓನರಮ್ಮ.

"ಆರು ಇಪ್ಪತ್ತು. ಹೊರಡ್ತಾ ಇದೆ, ಹೊರಡ್ತಾ ಇದೆ!"

ಲೆನ್ಸಿನೊಳಗೆ ಈಗ ಯಾರೂ ಇರಲಿಲ್ಲ. ಎಡಗಡೆ ಟ್ಯಾಂಕು, ಬಲಗಡೆ ಚಿಮಣಿ, ನಡುವೆ ಮನೆಗಳ ತಲೆಗಳ ಮೇಲೆ ಕೆಂಡದ ಗುಂಡಿ. ಅಕ್ಕ ಕೇಳಿದ್ದು ಅಷ್ಟೂ ಇತ್ತು. ಎಂಟುಕಾಪಿ ಮೊಣಕೈಗಳನ್ನು ಪಕ್ಕೆಗೆ ಒತ್ತಿದ. ಉಸಿರು ಬಿಗಿಹಿಡಿದ, ಬೆರಳು ಗುಂಡಿಯ ಮೇಲಿಟ್ಟ. ಆಗ ಮೂವತ್ತೆರಡು ವರ್ಷಗಳ ಅಭ್ಯಾಸ ತನ್ನಷ್ಟಕ್ಕೆ ತಾನೇ ಬಾಯಿಂದ ಹೊರಬಿತ್ತು:

"ಗದ್ದ ಮೇಲೆ. ಕಣ್ಣು ಬಿಡಿ. ಇಲ್ಲಿ ನೋಡಿ."

ನಾಲ್ವರೂ ಸರಕ್ಕನೆ ಎದ್ದು, ಅವನ ಕಡೆ ತಿರುಗಿ, ಗದ್ದ ಎತ್ತಿದರು. ಕ್ಲಿಕ್. ಅಂಗಡಿಯ ಕ್ಯಾಮೆರಾ, ಫ್ಲಾಶು ಹಾಕಿಯೇ ಇತ್ತು. ನಾಲ್ಕೂ ಮುಖಗಳು ಬೆಳಗಿದವು.

"ಆರು ಇಪ್ಪತ್ತೊಂದು," ಎಂದರು ಮಾಸ್ತರು, ಗದ್ದ ಇಳಿಸದೆಯೇ. ಅವರ ಹಿಂದೆ ಸೂರ್ಯ ಹೊರಟುಹೋಗಿದ್ದ.

ಎಂಟುಕಾಪಿ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ನೋಡಿದ. ಬೈಯಬೇಕೆಂದು ಬಾಯಿ ತೆರೆದವನು ಹಾಗೇ ನಿಂತ. ಟ್ಯಾಂಕಿತ್ತು. ಚಿಮಣಿಯಿತ್ತು. ನಡುವೆ ಸೂರ್ಯ. ಮತ್ತು ಆ ಕಡೆ ಈ ಕಡೆ, ಕಾವಲಿಗೆ ನಿಂತವರ ಹಾಗೆ, ಅಕ್ಕನಿಗೆ ಗೊತ್ತಿದ್ದ ನಾಲ್ಕು ಮುಖಗಳು. ಟೈಲರಿನ ಕಿವಿ ಸ್ವಲ್ಪ ದೊಡ್ಡದಿತ್ತು, ಪರವಾಗಿಲ್ಲ.

"ಹಾಳಾಯ್ತಾ?" ಎಂದು ಹೆಂಡತಿ ಮೆಲ್ಲಗೆ ಕೇಳಿದಳು.

"ಇಲ್ವೇ," ಎಂದ ಅವನು. "ನಾನು ಅಂದ್ಕೊಂಡದ್ದಕ್ಕಿಂತ ಚೆನ್ನಾಗಿದೆ." ಎರಡು ಬಿಸ್ಕತ್ತನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡ.

ಏಳಕ್ಕೆ ಹತ್ತು ನಿಮಿಷವಿತ್ತು. ಅವನು ಅಂಗಡಿಗೆ ಇಳಿದು, ಕ್ಯಾಮೆರಾದಿಂದ ಕಾರ್ಡು ತೆಗೆದು ಎಂದಿನ ಹಾಗೆ ಭಾಮೈದನ ತಟ್ಟೆಯಲ್ಲಿಟ್ಟು, ಲೆನ್ಸನ್ನು ಕಾಲುಚೀಲಕ್ಕೆ ತುರುಕಿ ಓಡಿದ. ದಾರಿಯುದ್ದಕ್ಕೂ ಕಾಗದದ ಸಾಲುಗಳು ಅವನ ತಲೆಯಲ್ಲಿ ಓಡುತ್ತಿದ್ದವು. ಫೋಟೋವನ್ನು ಎಷ್ಟು ದೊಡ್ಡದು ಮಾಡಿಸಬೇಕು, ಗೋಡೆಯಷ್ಟು ಮಾಡಿಸಿದರೆ ಅಂಚೆಯವರು ತೆಗೆದುಕೊಳ್ಳುತ್ತಾರೆಯೇ ಎಂದೆಲ್ಲ ಲೆಕ್ಕ ಹಾಕುತ್ತ, ನಿಧಾನವಾಗಿ ನಡೆದು, ಎಂಟರ ಹೊತ್ತಿಗೆ ವಾಪಸು ಬಂದಾಗ ಅಂಗಡಿಯಲ್ಲಿ ನಗುವಿನ ಸದ್ದು. ನಾಲ್ವರೂ ಅಲ್ಲೇ ಇದ್ದರು.

"ಬನ್ನಿ ಬನ್ನಿ! ಎಂಥ ಚೆಂದ ತೆಗೆದಿದ್ದೀರಿ!" ಎಂದಳು ಓನರಮ್ಮ. "ಬ್ಯಾಂಕಿನವರು ಎರಡು ತಿಂಗಳಿಂದ ಫೋಟೋ ಕೊಡಿ ಕೊಡಿ ಅಂತಿದ್ರು, ಬರೋಕಾಗಿರಲಿಲ್ಲ."

"ನನ್ನ ಕಿವಿ ನೋಡಿ, ಎಷ್ಟು ಅಳತೆಗೆ ಸರಿಯಾಗಿ ಬಂದಿದೆ," ಎಂದ ಟೈಲರು.

ಮೇಜಿನ ಮೇಲೆ ಫೋಟೋಗಳಿದ್ದವು. ನಾಲ್ಕು ಮುಖ, ಮುಖಕ್ಕೆ ಎಂಟು. ಗದ್ದ ಮೇಲೆ, ಕಣ್ಣು ತೆರೆದು. ಹಿಂದೆ ಹೊಸ ಕಾಗದದಂಥ ಬಿಳಿ. ಟ್ಯಾಂಕಿಲ್ಲ, ಚಿಮಣಿಯಿಲ್ಲ.

ಎಂಟುಕಾಪಿ ಒಂದು ಫೋಟೋವನ್ನು ತಿರುಗಿಸಿ ಅದರ ಬೆನ್ನನ್ನೂ ನೋಡಿದ. "ಸೂರ್ಯ?"

ಭಾಮೈದ ಹಿಂದಿನ ಕೋಣೆಯಿಂದ ತಲೆ ಹಾಕಿದ. ಮುಖದಲ್ಲಿ ದಣಿವಿತ್ತು, ಸಮಾಧಾನವಿತ್ತು. "ಯಾವ ಸೂರ್ಯ ಭಾವ?"

"ನಡುವೆ ಇತ್ತಲ್ಲೋ! ಕೆಂಪಗೆ!"

"ಓ, ಅದಾ? ಅಳಿಸಿದೆ. ನೀವೇ ಹೇಳಿದ್ರಲ್ಲ, ಎಲ್ಲಾ ಫೋಟೋದಲ್ಲೂ ನಡುವೆ ಕಲೆ ಇರುತ್ತೆ ಅಂತ. ಬೆಳಿಗ್ಗೆಯಿಂದ ಹದಿನಾಲ್ಕು ಕಲೆ ಅಳಿಸಿದ್ದೀನಿ. ಇದು ಮಾತ್ರ ಸ್ವಲ್ಪ ದುಂಡಗಿತ್ತು. ಯಾಕೆ ಅಂತ ಕೇಳೋಣ ಅಂದ್ಕೊಂಡೆ..." ಅವನು ತಡೆದ. "ಆದ್ರೆ ಕೇಳ್ಬೇಡ ಅಂದಿದ್ರಿ."

"ಕಾರ್ಡು? ಕಾರ್ಡಲ್ಲಿ ಇರುತ್ತಲ್ಲ!"

"ಒರೆಸಿ ನಾಳೆಗೆ ರೆಡಿ ಮಾಡಿಟ್ಟಿದ್ದೀನಿ. ಕಂಪ್ಯೂಟರಲ್ಲೂ ಬಿಳಿ ಮಾಡಿದ್ದು ಮಾತ್ರ ಇದೆ. ದಿನಾ ಮಾಡೋ ಹಾಗೆ."

ಎಂಟುಕಾಪಿ ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂತ. ಬೈಯಲು ಯಾರೂ ಇರಲಿಲ್ಲ. ಹುಡುಕಿದರೆ ಪ್ರತಿ ಮಾತೂ ಅವನದೇ ಆಗಿತ್ತು. ನಾಳೆ ಬೆಳಿಗ್ಗೆ ಬಲೆ ಬರುತ್ತದೆ. ಮಗ್ಗುಲಿನ ನಗು ನಿಧಾನವಾಗಿ ಆರಿತು. ಸೂರ್ಯನ ಫೋಟೋ ಬೇರೆ ಇರುತ್ತದೆಂದುಕೊಂಡಿದ್ದವರಿಗೆ ವಿಷಯ ಒಬ್ಬರಿಂದ ಒಬ್ಬರಿಗೆ ತಿಳಿದು, ಓನರಮ್ಮ ತನ್ನ ಎಂಟು ಮುಖಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು, ಕದ್ದ ಮಾಲಿನ ಹಾಗೆ.

ಸ್ವಲ್ಪ ಹೊತ್ತು ಬಿಟ್ಟು ಹೆಂಡತಿ ಮೇಜಿನ ಡ್ರಾಯರಿನಿಂದ ಒಂದು ಹಾಳೆ ತೆಗೆದು ಅವನ ಮುಂದಿಟ್ಟಳು. 'ಪ್ರೀತಿಯ ಅಕ್ಕನಿಗೆ' ಎಂದು ಹೋದ ವರ್ಷ ಬರೆದದ್ದು. ಕೆಳಗೆ ಏನೂ ಇರಲಿಲ್ಲ.

"ಬರೀರಿ," ಎಂದಳು.

"ಏನಂತ ಬರೀಲಿ? ಸೂರ್ಯ ಅಳಿಸಿ ಹೋದ ಅಂತಾನಾ?"

"ಹೇಗಿತ್ತು ಅಂತ ಬರೀರಿ. ಫೋಟೋ ಆಮೇಲೆ ನೋಡೋಣ. ಅವರು ಕಾಯ್ತಿರೋದು ಬರೀ ಫೋಟೋಗೆ ಅಂದ್ಕೊಂಡಿದ್ದೀರಾ ನೀವು?"

ಅವನು ಪೆನ್ನು ಹಿಡಿದ. 'ಅಕ್ಕಾ, ಈ ದಿನ ನಮ್ಮ ತಾರಸಿಯಲ್ಲಿ' ಎಂದು ಬರೆದು ನಿಂತ. ಅವನು ಸೂರ್ಯನನ್ನು ಸರಿಯಾಗಿ ನೋಡಿದ್ದೆಲ್ಲಿ? ನೋಡಿದ್ದು ಟೈಲರಿನ ಕಿವಿಯನ್ನು. ತಲೆಯೆತ್ತಿ ಕೇಳಿದ: "ಬಣ್ಣ ಯಾವುದಿತ್ತು? ಕೊನೆ ಗಳಿಗೇಲಿ?"

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿದರು.

"ನಾವು ನಿಮ್ಮನ್ನಲ್ವಾ ನೋಡ್ತಿದ್ದದ್ದು," ಎಂದಳು ಓನರಮ್ಮ. "ನೀವೇ ಇಲ್ಲಿ ನೋಡಿ ಅಂದ್ರಿ."

"ನಾನು ಗಡಿಯಾರ ನೋಡ್ತಿದ್ದೆ," ಎಂದು ಮಾಸ್ತರು ಒಪ್ಪಿಕೊಂಡರು.

"ನಾನು ನೋಡಿದೆ ಭಾವ."

ಹಿಂದಿನ ಕೋಣೆಯ ಬಾಗಿಲಲ್ಲಿ ಭಾಮೈದ ನಿಂತಿದ್ದ. ಎಲ್ಲರೂ ತಿರುಗಿ ನೋಡಿದ್ದಕ್ಕೆ ಸಂಕೋಚಪಟ್ಟುಕೊಂಡು ಕನ್ನಡಕ ತೆಗೆದು ಒರೆಸತೊಡಗಿದ.

"ಅಳಿಸೋಕೆ ಮುಂಚೆ ಅಂಚು ಹುಡುಕಬೇಕು. ಅದಕ್ಕೆ ಅಂಚೇ ಇರಲಿಲ್ಲ. ಕಿತ್ತಳೆ ತೆಗೆದೆ, ಕೆಳಗೆ ಗುಲಾಬಿ ಬಂತು. ಗುಲಾಬಿ ತೆಗೆದೆ, ಅದರ ಕೆಳಗೆ ಆಗ ತಾನೇ ಉಜ್ಜಿದ ತಾಮ್ರದ ಪಾತ್ರೆ ಹೊಳೆಯುತ್ತಲ್ಲ, ಹಾಗೆ ಒಂದು ಬಣ್ಣ. ಟ್ಯಾಂಕಿನ ಹೊಟ್ಟೆ ಮೇಲೆ ಅದರದ್ದೊಂದು ಗೆರೆ ಹತ್ತಿತ್ತು. ಚಿಮಣಿ ಬಾಯಿಗೂ ಚೂರು. ಇಷ್ಟು ದೂರ ಹೇಗೆ ಹಾರ್ತು ಅಂತ ಬೈಕೊಂಡೇ ಒರೆಸಿದೆ. ಒಂದು ಕಡೆ ಒರೆಸಿದ್ರೆ ಇನ್ನೊಂದು ಕಡೆ ಇರ್ತಿತ್ತು. ಇವರೆಲ್ಲರ ಕೂದಲ ತುದೀಲೂ ಇತ್ತು, ದಾರದ ಹಾಗೆ, ಒಂದೊಂದೇ ಎಳೆ. ಅರ್ಧ ಗಂಟೆ ಹಿಡೀತು ಭಾವ. ಹದಿನೆಂಟು ವರ್ಷದಲ್ಲಿ ಇಷ್ಟು ಹಟಮಾರಿ ಕಲೆ ನಾನು ನೋಡಿಲ್ಲ." ಕನ್ನಡಕ ಹಾಕಿಕೊಂಡ. "ಪೂರ್ತಿ ಹೋದ ಮೇಲೆ ಯಾಕೋ ಬೇಜಾರಾಯ್ತು. ಎದ್ದು ನೀರು ಕುಡಿದು ಬಂದೆ."

ಎಂಟುಕಾಪಿ ಭಾಮೈದನನ್ನು ಹೊಸಬನನ್ನು ನೋಡುವಂತೆ ನೋಡಿದ. ಸ್ಟೂಲಿನಲ್ಲಿ ಸ್ವಲ್ಪ ಸರಿದು ಜಾಗ ಮಾಡಿದ.

"ಕೂತ್ಕೋ ಇಲ್ಲಿ. ಇನ್ನೊಂದ್ಸಲ ಹೇಳು. ನಿಧಾನವಾಗಿ."

ಭಾಮೈದ ಹೇಳುತ್ತ ಹೋದ, ಅವನು ಬರೆಯುತ್ತ ಹೋದ. ಬರೆಯುತ್ತ ಬರೆಯುತ್ತ ಹಾಸಿಗೆಯೂ ಬಂತು, ನೇರಳೆ ಥಾನೂ ಬಂತು, ಡಾಕ್ಟರ ಮಹಡಿಯೂ ಬಂತು. ಓನರಮ್ಮ ನಡುವೆ ಬಾಯಿ ಹಾಕಿ, ತಾರಸಿ ಈಗ ಚೊಕ್ಕಟವಾಗಿದೆ ಎಂದು ಬರೆಸಿದಳು. ಮಾಸ್ತರು ಹೊತ್ತನ್ನು ಸರಿಯಾಗಿ ನಮೂದಿಸಲು ಹೇಳಿದರು. ಹಾಳೆ ಸಾಲದೆ ಇನ್ನೊಂದು, ಅದೂ ಸಾಲದೆ ಮತ್ತೊಂದು. ಮೂರನೆಯ ಹಾಳೆಯ ಅಂಚಿನಲ್ಲಿ, ಅಕ್ಷರ ಚಿಕ್ಕದು ಮಾಡಿ, ತಡವಾಯಿತು ಅಕ್ಕಾ, ಬೈಯಬೇಡ ಎಂದು ಬರೆದು ಮಡಿಚಿದ.

ಅಂಚೆಪೆಟ್ಟಿಗೆ ಬೀದಿಯ ತಿರುವಿನಲ್ಲಿತ್ತು. ಭಾಮೈದನೂ ಜೊತೆಗೆ ನಡೆದ. ತಪ್ಪು ಮಾಡಿದವನಿಗೆ ಇರುವ ಮರ್ಯಾದೆಯಿಂದ ಒಂದು ಹೆಜ್ಜೆ ಹಿಂದೆಯೇ ಬಂದ. ಎಂಟುಕಾಪಿ ಲಕೋಟೆಯನ್ನು ಮಣಿಕಟ್ಟಿನ ತನಕ ಪೆಟ್ಟಿಗೆಯೊಳಗೆ ತೂರಿಸಿ ಹಿಡಿದುಕೊಂಡು ನಿಂತ.

"ಭಾವ, ಫೋಟೋ ಎಲ್ಲಿ ಅಂತ ಅವರು ಕೇಳಿದ್ರೆ?"

"ಕೇಳ್ಲಿ ಬಿಡು. ಕೇಳ್ಬೇಕಾದ್ರೆ ಅವಳೂ ಒಂದು ಕಾಗದ ಬರೀಬೇಕಲ್ಲ," ಎಂದು ಎಂಟುಕಾಪಿ ಬೆರಳು ಸಡಿಲಿಸಿದ.